ಹಸಿವಿಗೆ ಛೀಮಾರಿ

ಇಂದುಮತಿ 2006ರ ಚಳಿಗಾಲದಲ್ಲಿ ಸ್ಟಾಕ್‌ಹೋಮ್‌ಗೆ ಬಂದಿಳಿದಾಗ, ಹುಸ್ಬಿ ಬಡಾವಣೆಯ ಬಾಡಿಗೆ ಮನೆಗಳ ಕಟ್ಟಡದಲ್ಲಿ ಅವಳನ್ನು ಮೊದಲು ಮಾತನಾಡಿಸಿದವರು ಕೆಳಮಹಡಿಯ ದೇದೇ. ಘಾನಾದ ಅಕ್ರಾದವರು, ಗಾ ಜನಾಂಗದವರು. ಅರವತ್ತರ ಹತ್ತಿರದ ವಯಸ್ಸು. ಹದಿನೆಂಟು ವರ್ಷದಿಂದ ವೃದ್ಧಾಶ್ರಮದಲ್ಲಿ ಮುದುಕರನ್ನು ಮೀಯಿಸಿ ಉಣ್ಣಿಸುವ ಕೆಲಸ. ಸಹೋದ್ಯೋಗಿಗಳು ಕ್ರಿಸ್‌ಮಸ್ಸಿಗೆ, ಜೂನ್‌ನ ಮಿಡ್‌ಸೊಮ್ಮರ್ ಹಬ್ಬಕ್ಕೆ ರಜೆ ಹಾಕಿದಾಗಲೆಲ್ಲ ಅವರ ಪಾಳಿಯನ್ನೂ ದೇದೇಯೇ ಮಾಡುತ್ತಿದ್ದರು. ತಮಗೆಂದು ಕೇಳುತ್ತಿದ್ದದ್ದು ವರ್ಷಕ್ಕೊಂದೇ ದಿನ. ಆಗಸ್ಟ್‌ನ ಒಂದು ಶನಿವಾರ, ಹೊಮೊವೊ ಹಬ್ಬಕ್ಕೆ.

"ಹಂಗಂದ್ರೇನು ಆಂಟಿ?" ಎಂದು ಇಂದುಮತಿ ಕೇಳಿದ್ದಳು.

"ಹಸಿವಿಗೆ ಕೇಕೆ ಹಾಕಿ ಅಣಕಿಸೋದು, ಮಗಳೇ. ಹಿಂದೆ ಒಂದ್ಸಲ ಬರಗಾಲದಲ್ಲಿ ನಮ್ಮೋರು ಸತ್ತೇ ಹೋಗೋ ಹಾಗಿದ್ರಂತೆ. ಆಮೇಲೆ ಮೆಕ್ಕೆಜೋಳ ಕೈಗೆ ಬಂತು. ಆಗ ಹಸಿವಿನ ಮುಖಕ್ಕೇ ನಕ್ಕುಬಿಟ್ರು."

ಹಬ್ಬದಂದು ಮೆಕ್ಕೆಜೋಳದ ಹಿಟ್ಟನ್ನು ಹಬೆಯಲ್ಲಿ ಬೇಯಿಸಿ, ತಾಳೆ ಎಣ್ಣೆ, ಬೆಂಡೆಕಾಯಿ ಕಲಸಿ, ಹಿರಿಯರಿಗೆಂದು ಹೊಸ್ತಿಲಲ್ಲಿ ಎರಚುತ್ತಾರೆ. ಉಳಿದದ್ದಕ್ಕೆ ಮೀನಿನ ಸಾರು ಬೆರೆಸಿ ಎಲ್ಲರೂ ಒಂದೇ ಬಟ್ಟಲಿನಿಂದ ತಿನ್ನುತ್ತಾರೆ.

2007ರ ಜುಲೈನಲ್ಲಿ ಮನೆಗಳ ಮಾಲೀಕ ಕಂಪನಿಯಿಂದ ದೇದೇಗೆ ಪತ್ರ ಬಂತು. ಕಳೆದ ವರ್ಷ ಅಂಗಳದಲ್ಲಿ ಆಹಾರ ಚೆಲ್ಲಿ ಕೂಗಾಡಿದಿರೆಂದು ದೂರು ಬಂದಿದೆ, ಇಲಿ ಸೇರುತ್ತವೆ, ಮರುಕಳಿಸಿದರೆ ಮನೆ ಬಿಡಬೇಕಾದೀತು ಎಂದು ಅದರಲ್ಲಿತ್ತು.

ದೇದೇ ಪತ್ರವನ್ನು ಎರಡು ಸಲ ಓದಿ ಇಂದುಮತಿಗೆ ಹೇಳಿದರು. "ಹಬ್ಬಕ್ಕೆ ಮುಂಚೆ ಒಂದು ತಿಂಗಳು ನಮ್ಮೂರಲ್ಲಿ ಯಾರೂ ಡೋಲು ಮುಟ್ಟಲ್ಲ. ತೆಪ್ಪಗಿರ್ತೀವಿ. ಅಷ್ಟು ಸಾಕು. ಅದಕ್ಕಿಂತ ಹೆಚ್ಚು ತೆಪ್ಪಗಿರೋಕೆ ನನ್ನಿಂದಾಗಲ್ಲ."

ಅವರ ಊರಿನವರೊಬ್ಬರು ಫೋನು ಮಾಡಿ, ಎರಚುವುದು ಮನೆಯ ಹಿರಿಯ ಗಂಡಸಿನ ಕೆಲಸ, ನಿಮಗೇಕೆ ಈ ರಗಳೆ ಎಂದರು. "ಗಂಡ ತೀರಿಹೋಗಿ ಒಂಬತ್ತು ವರ್ಷವಾಯ್ತು. ಈ ಮನೆಗೆ ಹಿರಿಯಳು ನಾನೇ," ಎಂದು ದೇದೇ ಫೋನಿಟ್ಟರು.

ಇಂದುಮತಿಯ ಗಂಡ ಶ್ರೀನಾಥ ಪಕ್ಕದ ಕಿಸ್ಟಾ ಬಡಾವಣೆಯಲ್ಲಿ ಟೆಲಿಕಾಂ ಕೆಲಸದಲ್ಲಿದ್ದ. ಅವನಿಗೆ ದಿಗಿಲು. "ಇಂದು, ನೀನು ಇದ್ರಲ್ಲಿ ಇನ್ವಾಲ್ವ್ ಆಗ್ಬೇಡ. ಅಕ್ಟೋಬರ್‌ನಲ್ಲಿ ನನ್ನ ವರ್ಕ್ ಪರ್ಮಿಟ್ ರಿನ್ಯೂವಲ್ ಇದೆ."

"ಪಕ್ಕದಲ್ಲಿ ನಿಂತ್ರೆ ಪರ್ಮಿಟ್ ಹೋಗುತ್ತೇನ್ರೀ?"

"ರಿಸ್ಕ್ ಯಾಕೆ ಅಂತ."

ಯುಗಾದಿಯಂದು ಬಾಗಿಲಿಗೆ ಕಟ್ಟಿದ್ದ ತೋರಣವನ್ನು ಸಂಜೆಯೊಳಗೆ ತಾನೇ ಬಿಚ್ಚಿಟ್ಟದ್ದು ಇಂದುಮತಿಗೆ ನೆನಪಾಯಿತು. ಆಗ ಯಾರೂ ಏನೂ ಅಂದಿರಲಿಲ್ಲ. ಅಂದಾರೆಂಬ ಹೆದರಿಕೆಯೇ ಸಾಕಾಗಿತ್ತು.

ಹಬ್ಬದ ಬೆಳಿಗ್ಗೆ ದೇದೇ ಊರಿನ ಬಟ್ಟೆ ಉಟ್ಟು, ದೊಡ್ಡ ಬೋಗುಣಿ ಹಿಡಿದು ಅಂಗಳಕ್ಕೆ ಬಂದರು. ಕಂಪನಿಯವನೊಬ್ಬ ಫೈಲು ಹಿಡಿದು ಮೊದಲೇ ನಿಂತಿದ್ದ. ಬಾಲ್ಕನಿಗಳ ತುಂಬ ಜನ. ಮೇಲಿಂದ ನೋಡುತ್ತಿದ್ದ ಇಂದುಮತಿ ಚಪ್ಪಲಿ ಮೆಟ್ಟಿ ದಡದಡ ಇಳಿದುಬಂದು ಬೋಗುಣಿಯನ್ನು ತಾನು ಹಿಡಿದುಕೊಂಡಳು. ಕೈ ಖಾಲಿಯಾದ ದೇದೇ ಹಿಡಿ ತುಂಬಿಕೊಂಡು ಕಟ್ಟಡದ ಹೊಸ್ತಿಲ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಎರಚಿದರು. ಹಿರಿಯರ ಹೆಸರುಗಳನ್ನು ಒಂದೊಂದಾಗಿ ಕೂಗಿದರು. ಕೊನೆಗೆ ತಲೆಯೆತ್ತಿ ಕೇಕೆ ಹಾಕಿದರು. ಆ ಸದ್ದು ನಾಲ್ಕೂ ಗೋಡೆಗಳಿಗೆ ಬಡಿದು ಮರಳಿತು.

ಕಂಪನಿಯವನು ಪೆನ್ನು ತೆಗೆದ. ದೇದೇ ತಮ್ಮ ಹೆಸರನ್ನೂ ಮನೆ ನಂಬರನ್ನೂ ಅಕ್ಷರ ಬಿಡಿಸಿ ಹೇಳಿದರು.

"ಇವರು?"

"ಇಂದುಮತಿ. ಮೂರನೇ ಮಹಡಿ," ಎಂದಳು ತನ್ನ ಹರುಕುಮುರುಕು ಸ್ವೀಡಿಷ್‌ನಲ್ಲಿ. "ನನ್ನ ಹೆಸರೂ ಬರ್ಕೊಳ್ಳಿ."

ದೇದೇ ಒಳಗಿಂದ ಪೊರಕೆ ತಂದು, ಅವನೆದುರಿಗೇ ಒಂದು ಕಣವೂ ಬಿಡದಂತೆ ಗುಡಿಸಿದರು. "ಇಲಿ ಎಲ್ಲಿದೆ, ಹುಡುಕು," ಎಂದರು. ಮೀನು ತಿನ್ನದ ಇಂದುಮತಿಗೆಂದು ಸಾರು ಬೆರೆಸದೆ ಎತ್ತಿಟ್ಟ ಪಾಲನ್ನು ಅವಳಿಗೆ ಕೊಟ್ಟರು. ಇಬ್ಬರೂ ಮೆಟ್ಟಿಲ ಮೇಲೆ ಕೂತು ತಿಂದರು.

ಸೆಪ್ಟೆಂಬರಿನಲ್ಲಿ ಎರಡನೇ ಪತ್ರ ಬಂತು. ದೇದೇ ಅದನ್ನು ಬಾಡಿಗೆದಾರರ ಸಂಘಕ್ಕೆ ಕೊಂಡೊಯ್ದರು. ಎರಡು ಹಿಡಿ ಹಿಟ್ಟು ಚೆಲ್ಲಿ ಗುಡಿಸಬಾರದೆಂಬ ನಿಯಮ ಎಲ್ಲಿದೆ, ತೋರಿಸಿ ಎಂದು ಸಂಘ ಬರೆದು ಕೇಳಿತು. ಕಂಪನಿ ಉತ್ತರಿಸಲೇ ಇಲ್ಲ. ಶ್ರೀನಾಥನ ಪರ್ಮಿಟ್ಟೂ ಸದ್ದಿಲ್ಲದೆ ನವೀಕರಣವಾಯಿತು.

ಮರುವರ್ಷ ಅಂಗಳದಲ್ಲಿ ಏಳು ಮನೆಯವರು ಸೇರಿದರು. ಎಣ್ಣೆ ಜಾಸ್ತಿಯಾಯಿತು ಎಂದು ಗೊಣಗುತ್ತಲೇ ಶ್ರೀನಾಥ ಎರಡನೇ ಸಲ ಹಾಕಿಸಿಕೊಂಡ.