ತಂತಿ ಕಾಯುವವರ ಮನೆ

ನಮ್ಮ ಯಜಮಾನರು ಝೆಲಿಗ್ ಮೂವತ್ತೊಂದು ವರ್ಷದಿಂದ ಕತ್ತೆತ್ತಿಕೊಂಡೇ ನಡೆಯುತ್ತಾರೆ. ಸೊಕ್ಕಿನಿಂದಲ್ಲ, ಅವರ ಕೆಲಸವೇ ಅದು. ಜೆರುಸಲೇಮಿನ ನಮ್ಮ ಕೇರಿಯ ಸುತ್ತ ಕಂಬದಿಂದ ಕಂಬಕ್ಕೆ ತಂತಿ ಎಳೆದಿದ್ದಾರೆ. ಅದು ಎಲ್ಲೂ ಕಡಿದಿಲ್ಲವೇ ಎಂದು ಇವರು ಪ್ರತಿ ವಾರ ನೋಡಿ ಬರಬೇಕು. ಸಬ್ಬತ್ ದಿನ, ಅಂದರೆ ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ರಾತ್ರಿಯವರೆಗೆ, ಮನೆಯಿಂದ ಬೀದಿಗೆ ಕರವಸ್ತ್ರ ಕೂಡ ಒಯ್ಯುವಂತಿಲ್ಲ. ಸುತ್ತ ತಂತಿ ಇದ್ದರೆ ಮಾತ್ರ ಇಡೀ ಕೇರಿ ಒಂದೇ ಮನೆಯ ಅಂಗಳವಿದ್ದ ಹಾಗೆ. ಆಗ ತಾಯಂದಿರು ಕೂಸಿನ ಗಾಡಿ ತಳ್ಳಬಹುದು, ನನ್ನಂಥ ಕಾಲಿಲ್ಲದವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಬಹುದು. ತಂತಿ ಕಡಿಯಿತೋ, ನಾವೆಲ್ಲ ಮನೆಯೊಳಗೆ.

ಅವರ ನಿಯತ್ತಿನ ಬಗ್ಗೆ ನನ್ನ ತಕರಾರಿಲ್ಲ. ಹಿಮದಲ್ಲಿ ಜಾರಿ ಮಂಡಿ ಒಡೆದುಕೊಂಡಾಗಲೂ ಉಳಿದ ಕಂಬ ನೋಡಿಯೇ ಮನೆಗೆ ಬಂದರು. ನಮ್ಮ ಮಗಳು ಹೆನ್ಯಾ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದ್ದು ಒಂದು ಶುಕ್ರವಾರ ಬೆಳಿಗ್ಗೆ. ಅವತ್ತೂ ನೋಡಿ ಬಂದರು. ಅದನ್ನು ನಾನು ಮರೆತಿಲ್ಲ.

ಹೋದ ವರ್ಷ ನಮ್ಮ ಮಗ ಬೆರೆಲ್‌ಗೆ ಹೆಣ್ಣುಮಗುವಾಯಿತು. "ಅಕ್ಕನ ಹೆಸರೇ ಇಡ್ತೀನಮ್ಮಾ" ಅಂದ. ಸಬ್ಬತ್ ಬೆಳಿಗ್ಗೆ ಪ್ರಾರ್ಥನಾ ಮಂದಿರದಲ್ಲಿ ತಂದೆಯನ್ನು ತೋರಾ ಧರ್ಮಗ್ರಂಥದ ಮುಂದೆ ಕರೆದು, ಮಗುವಿನ ಹೆಸರನ್ನು ಎಲ್ಲರಿಗೂ ಕೇಳುವಂತೆ ಕೂಗುತ್ತಾರೆ. ಕೂಗುವುದು ಒಂದೇ ಸಲ. ಹನ್ನೊಂದು ವರ್ಷದಿಂದ ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಗಟ್ಟಿಯಾಗಿ ಹೇಳಿರಲಿಲ್ಲ. ಜನರ ನಡುವೆ ಕೂತು ಅದನ್ನು ಕೇಳಬೇಕು ಎಂಬುದಷ್ಟೇ ನನ್ನ ಆಸೆಯಾಗಿತ್ತು.

ಆ ಶುಕ್ರವಾರ ಮಧ್ಯಾಹ್ನ ಇವರು ಮುಖ ಸಣ್ಣದು ಮಾಡಿಕೊಂಡು ಬಂದರು.

"ಶಾಲೆ ಹಿಂದಿನ ತಿರುವಲ್ಲಿ ಕಡಿದು ಬಿದ್ದಿದೆ ಕಣೇ. ಯಾವನೋ ಲಾರಿಯವನು ಕಿತ್ತು ಹಾಕಿದಾನೆ."

"ಹಾಗಾದ್ರೆ ಕಟ್ಟಿಸ್ರೀ!"

"ಕಲ್ಮನ್ ರಬ್ಬಿಗೆ ಹೇಳಿದೀನಿ. ಇಷ್ಟು ಹೊತ್ತಲ್ಲಿ ಎತ್ತರದ ಏಣಿ ಎಲ್ಲಿ ಸಿಗುತ್ತೆ ಅಂದ್ರು."

ಸ್ವಲ್ಪ ಹೊತ್ತಿಗೆ ಗುರುಗಳು ಕಳಿಸಿದ ಮೈಕಿನ ಕಾರು ಬೀದಿ ಬೀದಿಗೂ ಕೂಗಿಕೊಂಡು ಹೋಯಿತು: ತಂತಿ ಕಡಿದಿದೆ, ಯಾರೂ ಏನನ್ನೂ ಹೊರಗೆ ಒಯ್ಯಬೇಡಿ.

"ಔಷಧಿ ಅಂಗಡಿ ಸಮೀರ್‌ಗೆ ಹೇಳ್ರೀ, ಅವನು ತಳ್ತಾನೆ. ಅವನಿಗೇನು ನಮ್ಮ ಕಟ್ಟುಪಾಡಾ? ರಬ್ಬೀನ ಒಂದು ಮಾತು ಕೇಳಿ, ಬೇಡ ಅನ್ನಲ್ಲ."

"ತಂತಿ ಕಾಯೋನ ಹೆಂಡ್ತೀನೇ ತಂತಿ ಕಡಿದ ದಿವಸ ಕುರ್ಚೀಲಿ ಮೆರವಣಿಗೆ ಹೊರಟ್ಲು ಅಂತ ಜನ ಆಡ್ಕೊಳ್ಳಲ್ವಾ?"

"ಆಡ್ಕೊಳ್ಳಲಿ ಬಿಡಿ! ನನ್ನ ಮಗಳ ಹೆಸರು ರೀ ಅದು."

ಅವರು ರಬ್ಬಿಯ ಬಳಿ ಹೋಗಲಿಲ್ಲ. ಸಂಜೆ ಪ್ರಾರ್ಥನೆಗೂ ಹೋಗಲಿಲ್ಲ. ತಂತಿ ಕಡಿದ ವಾರ ಜನ ಇವರೇ ಕತ್ತರಿ ಹಾಕಿದ ಹಾಗೆ ನೋಡುತ್ತಾರಂತೆ. ಮನೆಯಲ್ಲೇ ಗೋಡೆಗೆ ಮುಖ ಮಾಡಿ ನಿಂತು ಪ್ರಾರ್ಥನೆ ಮುಗಿಸಿದರು. ನಾನು ಮೇಣದ ಬತ್ತಿ ಉರಿದು ಮುಗಿಯುವವರೆಗೂ ಅಳುತ್ತಾ ಕೂತಿದ್ದೆ.

ಬೆಳಿಗ್ಗೆ ಅವರೊಬ್ಬರೇ ಹೋದರು. ಅಲ್ಲಿ ನಡೆದದ್ದನ್ನು ಆಮೇಲೆ ಅವರೇ ಹೇಳಿದರು. ಮಂದಿರದ ಅಂಗಳದಲ್ಲಿ ಕೂಸಿನ ಗಾಡಿಗಳು ಸಾಲಾಗಿ ನಿಂತಿದ್ದವಂತೆ. ಇವರಿಗೆ ಪಿತ್ತ ನೆತ್ತಿಗೇರಿತು. ಒಬ್ಬ ಹುಡುಗಿಯ ಮೇಲೆ ಹರಿಹಾಯ್ದರು.

"ನಾಚಿಕೆ ಆಗಲ್ವೇನಮ್ಮಾ? ತಂತಿ ಕಡಿದಿದೆ ಅಂತ ಕೇರಿಯೆಲ್ಲ ಕೂಗಿದ್ದು ಕಿವಿಗೆ ಬೀಳಲಿಲ್ವಾ?"

"ಅಯ್ಯೋ ತಾತ, ನಿನ್ನೆ ಹೊತ್ತು ಮುಳುಗೋಕೆ ಮುಂಚೇನೇ ಕಟ್ಟಿದ್ರಲ್ಲ! ಸಂಜೆ ಪ್ರಾರ್ಥನೇಲಿ ರಬ್ಬಿ ಎಲ್ಲರಿಗೂ ಹೇಳಿದ್ರು. ನಿಮಗೇ ಗೊತ್ತಿಲ್ವಾ?"

ಯಾರೂ ನಮ್ಮ ಬಾಗಿಲು ತಟ್ಟಿರಲಿಲ್ಲ. ಪಕ್ಕದ ಮನೆ ಪೆಸ್ಯಾಳನ್ನು ಆಮೇಲೆ ಕೇಳಿದ್ದಕ್ಕೆ, "ತಂತಿ ವಿಷಯ ನಿಮ್ಮ ಯಜಮಾನ್ರಿಗೆ ನಾನು ಹೇಳಿಕೊಡೋದಾ?" ಅಂದಳು. ಬೆರೆಲ್ ಸೇರಿ ಇಡೀ ಕೇರಿಯೇ ಹಾಗೆ ಅಂದುಕೊಂಡಿತ್ತು.

ಆ ಹುಡುಗಿ ಹೇಳಿ ಮುಗಿಸುವಷ್ಟರಲ್ಲಿ ಮಂದಿರದೊಳಗೆ ಬೆರೆಲ್‌ನನ್ನು ತೋರಾದ ಮುಂದೆ ಕರೆಯುತ್ತಿದ್ದರು. ನಮ್ಮ ಮನೆ ಅಲ್ಲಿಂದ ಹತ್ತು ನಿಮಿಷದ ದಾರಿ. ಅನ್ಯಾಯವಾದವನು ಮೇಜು ಕುಟ್ಟಿ ತೋರಾ ಓದನ್ನೇ ನಿಲ್ಲಿಸಬಹುದು ಎಂಬ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಇವರು ಒಂದು ಏಟು ಕುಟ್ಟಿದ್ದರೆ ಸಾಕಿತ್ತು, ಓದು ನಿಲ್ಲಿಸಿ ನನ್ನನ್ನು ತಳ್ಳಿಕೊಂಡು ಬರುವವರೆಗೆ ಕಾಯುತ್ತಿದ್ದರು. ಆದರೆ ಕುಟ್ಟಬೇಕಾದರೆ, ತಂತಿ ಕಟ್ಟಿದ್ದು ತಮಗೇ ಗೊತ್ತಾಗಲಿಲ್ಲ ಎಂದು ಎಲ್ಲರೆದುರು ಒಪ್ಪಿಕೊಳ್ಳಬೇಕಿತ್ತು. ಬಾಗಿಲ ಬಳಿ ಸುಮ್ಮನೆ ನಿಂತು ಹೆಸರು ಕೇಳಿಸಿಕೊಂಡರು.

ಮನೆಗೆ ಬಂದವರು ಟೋಪಿಯನ್ನೂ ತೆಗೆಯದೆ ಎಲ್ಲ ಹೇಳಿದರು. ನಾನು ಒಂದೇ ಒಂದು ಪ್ರಶ್ನೆ ಕೇಳಿದೆ.

"ಗಟ್ಟಿಯಾಗಿ ಕೂಗಿದ್ರಾ?"

"ಗಟ್ಟಿಯಾಗೇ ಕೂಗಿದ್ರು ಕಣೇ."

ಆವತ್ತಿನಿಂದ ಪ್ರತಿ ಶುಕ್ರವಾರ ತಂತಿ ನೋಡಿ ಬಂದವರು, ನೀರು ಕುಡಿಯುವುದಕ್ಕೂ ಮೊದಲು ನನ್ನ ಕುರ್ಚಿಯ ಮುಂದೆ ನಿಂತು ಹೇಳುತ್ತಾರೆ:

"ಎಲ್ಲೂ ಕಡಿದಿಲ್ಲ ಕಣೇ. ನಾಳೆ ನಾನೇ ತಳ್ಕೊಂಡು ಹೋಗ್ತೀನಿ, ಬಾ."

"ಏನು ಕೇಳೋಕೆ ರೀ?" ಅನ್ನುತ್ತೇನೆ.