ಮುಚ್ಚಳವಿಲ್ಲದ ಕಾರು ಇಳಕಲ್ಲಿಗೆ ಹೋದದ್ದು

ಬಾಗಲಕೋಟೆಯಿಂದ ಇಳಕಲ್ಲಿಗೆ ಸೀದಾ ಹೋದರೆ ಎರಡು ತಾಸಿನ ದಾರಿಯೂ ಅಲ್ಲ. ನಾನು ಬೇಕಂತಲೇ ಬಾದಾಮಿ ಸುತ್ತಿಕೊಂಡು ಹೊರಟೆ. ಕಾರು ನನ್ನ ಕೈಯಲ್ಲಿರುವ ಕೊನೆಯ ದಿನ ಈ ಭಾನುವಾರ ಎಂದು ಇಳಕಲ್ಲಿನಲ್ಲಿರುವ ನಮ್ಮ ಅಣ್ಣ ಫೋನಿನಲ್ಲಿ ತೀರ್ಪು ಕೊಟ್ಟಿದ್ದ. ತೀರ್ಪು ಅವನದು, ಗಾಡಿ ನನ್ನದು.

ಅದು ನನ್ನ ಪಗಾರದಲ್ಲಿ ಕೊಂಡ ಹಳೆಯ ಕಾರು. ಮಾರಿದವನು ಅಣ್ಣನ ಪರಿಚಯದ ಇಳಕಲ್ಲಿನ ವ್ಯಾಪಾರಿ. ಮನಸ್ಸಿಗೆ ಬಾರದಿದ್ದರೆ ವಾರದೊಳಗೆ ವಾಪಸ್ ತೆಗೆದುಕೊಳ್ಳುತ್ತೇನೆ ಎಂದಿದ್ದ. ಅಣ್ಣನ ಮನಸ್ಸಿಗೆ ಬಂದಿರಲಿಲ್ಲ. ಪೆಟ್ರೋಲ್ ಹಾಕುವ ಕಡೆ ಹೊರಗಿನ ಬಾಗಿಲು ತೆರೆದರೆ ಒಳಗೆ ತಿರುಗಿಸುವ ಮುಚ್ಚಳವಿಲ್ಲ. ತಯಾರಿಸಿದವರೇ ಹಾಗೆ ಮಾಡಿದ್ದಾರೆ. ಸ್ಪ್ರಿಂಗಿನ ಒಂದು ಪುಟ್ಟ ಕದವಿದೆ. ಪಂಪಿನ ನಳಿಗೆಯಿಂದ ಒತ್ತಿದರೆ ತೆರೆಯುತ್ತದೆ, ನಳಿಗೆ ತೆಗೆದರೆ ತಾನೇ ಮುಚ್ಚಿಕೊಳ್ಳುತ್ತದೆ. ಇದನ್ನು ಎಷ್ಟು ಹೇಳಿದರೂ ಅಣ್ಣನದು ಒಂದೇ ಪಲ್ಲವಿ: "ಸುಧಾ, ಮುಚ್ಚಳಾ ಕಳದ ಗಾಡಿ ನಿನ್ನ ಕೊಳ್ಳಿಗೆ ಕಟ್ಟ್ಯಾನ ಅಂವ. ಹೆಣ್ಣಮಗಳು, ನಿನಗೇನ ತಿಳೀತದ? ಐತವಾರ ತಗೊಂಬಾ, ತಿರುಗಿ ಕೊಟ್ಟಬಿಡೂಣು."

ನಾನು ಸರ್ಕಾರಿ ದವಾಖಾನೆಯಲ್ಲಿ ಔಷಧ ಕೊಡುವವಳು. ದಿನವಿಡೀ ಬಾಟಲಿಯ ಮುಚ್ಚಳ ತಿರುಗಿಸುವ ಕೈ ಇದು. ನನಗೆ ಮುಚ್ಚಳದ ಪಾಠ ಹೇಳುತ್ತಾನಂತೆ.

ಜೊತೆಗೆ ಬಂದವಳು ಪಕ್ಕದ ಮನೆಯ ಶಮೀಮ. ಜಂಪರು ಹೊಲಿಯುತ್ತಾಳೆ, ಇಳಕಲ್ಲಿನಿಂದ ನಾಲ್ಕು ಸೀರೆ ತರುವುದಿತ್ತು. ಗುಳೇದಗುಡ್ಡ ದಾಟುವಾಗ ಏಳು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. "ಅಕ್ಕಾರ, ಖರೇನ ಕೊಟ್ಟು ಬರ್ತೀರೇನು?" ಎಂದು ಕೇಳಿದಳು. "ಬಸ್ಸಿನ್ಯಾಗ ತಿರುಗಿ ಬರೂದಿದ್ರ ನಿನ್ನ ಯಾಕ ಕರ್ಕೊಂಡು ಬರ್ತಿದ್ನೇ" ಎಂದೆ.

ಬಾದಾಮಿಯ ಪಂಪಿನಲ್ಲಿ ಮೊದಲ ತಕರಾರು. ಪೆಟ್ರೋಲ್ ಹಾಕುವವನು ಬಾಗಿಲು ತೆರೆದು, ಬಗ್ಗಿ ನೋಡಿ, ಕಾರಿನ ಕೆಳಗೂ ಇಣುಕಿದ. "ಮುಚ್ಚಳಾ ಬಿದ್ದೈತ್ರಿ" ಎಂದ. ಇರುವುದೇ ಹಾಗೆ ಎಂದೆ. "ಹಂಗ್ಯಾಂಗ ಇರತೈತ್ರಿ? ಬೆಂಕಿ ಹತ್ತಿದ್ರ ನನ್ನ ನೌಕರಿ ಹೊಕ್ಕೈತಿ. ಮೊದಲ ಮುಚ್ಚಳಾ ತರ್ರಿ." ನಳಿಗೆ ತಂದು ಒತ್ತು ಎಂದರೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತುಬಿಟ್ಟ. "ಊರಾಗ ನಿಂದೊಂದ ಪಂಪ್ ಐತೇನು?" ಎಂದು ಗಾಡಿ ತಿರುಗಿಸಿದೆ. ಸಿಟ್ಟಿನಲ್ಲಿ ಹೊರಗಿನ ಬಾಗಿಲು ಮುಚ್ಚಲು ಮರೆತೆ.

ಬಸ್ ನಿಲ್ದಾಣದ ಹತ್ತಿರದ ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೊಸರು. ಸಿಟ್ಟು ಬಂದಾಗ ನನಗೆ ಹಸಿವೆ ಜಾಸ್ತಿ. ನಾಲ್ಕು ರೊಟ್ಟಿ ಹೋದವು. ಉಣ್ಣುತ್ತ ಪಂಪಿನವನಿಗೆ ಬೈದದ್ದೆಲ್ಲ ಖಾನಾವಳಿಯ ಅಜ್ಜನ ಕಿವಿಗೂ ಬಿತ್ತು. ಹೊರಡುವಾಗ ಅಜ್ಜ ಕೈ ಒರೆಸಿಕೊಳ್ಳುತ್ತ ಕಾರಿನ ಹತ್ತಿರ ನಿಂತಿದ್ದ. "ಚಿಂತಿ ಬ್ಯಾಡ ತಂಗಿ. ಬಾಯಿ ತಕ್ಕೊಂಡಿತ್ತು, ಬಂದೋಬಸ್ತ ಮುಚ್ಚೀನಿ."

ನೋಡಿದರೆ ಪೆಟ್ರೋಲಿನ ಬಾಯಿಗೆ ಕಾಳು ಬಿಡಿಸಿದ ಗೊಂಜಾಳದ, ಅಂದರೆ ಮೆಕ್ಕೆಜೋಳದ, ಬೆಂಡು. ನಮ್ಮ ಕಡೆ ಮುಚ್ಚಳ ಕಳೆದ ಕ್ಯಾನಿನ ಬಾಯಿಗೆ ಅದನ್ನೇ ತುರುಕುವುದು. ಅಜ್ಜ ಒಳಗಿನ ಕದವನ್ನೂ ಸರಿಸಿ, ಅಂಗೈಯಿಂದ ಬಡಿದು ಕೂರಿಸಿದ್ದ. ನಾನು ಹಿಡಿದೆಳೆದೆ, ತುದಿ ಮುರಿದು ಕೈಗೆ ಬಂತು. ಉಳಿದದ್ದನ್ನು ಸ್ಪ್ರಿಂಗಿನ ಕದ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಉಪಕಾರ ಮಾಡಿದ ಮುದುಕನಿಗೆ ಏನನ್ನುವುದು? "ಭಾಳ ಉಪಕಾರ ಆತ್ರಿ ಅಜ್ಜಾರ" ಎಂದೆ, ಹಲ್ಲು ಕಚ್ಚಿಕೊಂಡು. ಗ್ಯಾರೇಜುಗಳಿಗೆ ಭಾನುವಾರದ ಬೀಗ. ಇದ್ದ ಪೆಟ್ರೋಲಿನಲ್ಲೇ ಮುಂದೆ ನಡೆದೆವು.

ಪಟ್ಟದಕಲ್ಲಿನಲ್ಲಿ ಗುಡಿಗಳ ಕಡೆ ಹೊರಳಿ ನೋಡಲಿಲ್ಲ. ನನ್ನ ಕಣ್ಣೆಲ್ಲ ಪೆಟ್ರೋಲಿನ ಮುಳ್ಳಿನ ಮೇಲೆ. ಐಹೊಳೆ ದಾಟಿ ಅಮೀನಗಡದಲ್ಲಿ ಶಮೀಮ ಅರ್ಧ ಕಿಲೋ ಕರದಂಟು ಕೊಂಡಳು. ಅಲ್ಲಿ ಫೋನು ಬಂತು. "ಎಲ್ಲಿದ್ದಿ? ಗಾಡಿ ಕೈ ಕೊಟ್ಟಿತೇನು? ಮನಷ್ಯಾನ್ನ ಕಳಸ್ಲಿ?" ಅಣ್ಣನ ದನಿಯಲ್ಲಿ ಕಾಳಜಿ ಎಷ್ಟಿತ್ತೋ ಖುಷಿಯೂ ಅಷ್ಟೇ ಇತ್ತು. "ಬ್ಯಾಡ. ಊಟಕ್ಕ ಕಾಯಬ್ಯಾಡ್ರಿ" ಎಂದು ಇಟ್ಟೆ. ಸತ್ಯ ಹೇಳುತ್ತೇನೆ, ಇಟ್ಟ ಕೂಡಲೇ ಮುಳ್ಳನ್ನು ಇನ್ನೊಮ್ಮೆ ನೋಡಿದೆ. ಗಾಡಿಯನ್ನು ಯಾರಾದರೂ ಎಳೆದುಕೊಂಡು ಇಳಕಲ್ಲಿಗೆ ಹೋದರೆ ನನ್ನ ಮಾತಿಗೆ ಕವಡೆಯ ಕಿಮ್ಮತ್ತು ಉಳಿಯುತ್ತಿರಲಿಲ್ಲ.

ಹುನಗುಂದ ಮುಟ್ಟುವಾಗ ಮುಳ್ಳು ಕೆಂಪು ಗೆರೆಯ ಮೇಲೆ ಮಲಗಿತ್ತು. ಪಂಪಿಗೆ ಸ್ವಲ್ಪ ಮೊದಲೇ ಬೇವಿನ ಮರದ ನೆರಳಿಗೆ ನಿಲ್ಲಿಸಿದೆ. ಚಹಾ ಕುಡಿಯುತ್ತಿದ್ದ ನಾಲ್ಕು ಗಂಡಸರು ಗ್ಲಾಸು ಹಿಡಿದೇ ಬಂದರು. "ಮನ್ಯಾಗಿನ ಗಂಡಸರಿಗೆ ಫೋನ್ ಹಚ್ರಿ" ಎಂದ ಒಬ್ಬ. "ಹಚ್ತೇನಿ, ಮುಗದ ಮ್ಯಾಲೆ" ಎಂದೆ. ಶಮೀಮ ಚೀಲದಿಂದ ತನ್ನ ಕತ್ತರಿ ತೆಗೆದು ಅದರ ತುದಿಯಿಂದ ಕದವನ್ನು ಒತ್ತಿ ಹಿಡಿದಳು. ನಾನು ಗಾಡಿಯಲ್ಲಿದ್ದ ಸ್ಕ್ರೂಡ್ರೈವರನ್ನು ಬೆಂಡಿನ ಮೆತ್ತನೆಯ ನಡುವಿಗೆ ಓರೆಯಾಗಿ ಚುಚ್ಚಿದೆ. ಒಳಗೆ ಜಾರಿದರೆ ಕಥೆ ಮುಗಿಯುತ್ತಿತ್ತು. ಬೆವರು ಕಣ್ಣಿಗಿಳಿಯುತ್ತಿತ್ತು. "ಅಕ್ಕಾರ, ಸಾವಕಾಶ, ಸಾವಕಾಶ" ಎನ್ನುತ್ತ ಅವಳು ಕತ್ತರಿ ಅಲುಗದಂತೆ ಹಿಡಿದಿದ್ದಳು. ತುಸು ತುಸುವೇ ತಿರುವುತ್ತ ಎಳೆದೆ. ಬೆಂಡು ಇಡಿಯಾಗಿ ಹೊರಗೆ ಬಂತು, ಕದ ಟಕ್ಕೆಂದು ಮುಚ್ಚಿಕೊಂಡಿತು. ನಾಲ್ವರೂ ಚಹಾದಂಗಡಿಯ ಕಡೆ ತಿರುಗಿದರು.

ಪಂಪಿನವನು ಇಲ್ಲಿಯೂ ಮುಚ್ಚಳ ಹುಡುಕಿದ. ಈ ಸಲ ನಾನು ವಾದಕ್ಕೆ ನಿಲ್ಲಲಿಲ್ಲ. ಬೆರಳು ತೋರಿಸಿ, "ತಮ್ಮಾ, ಇಲ್ಲಿ ಸೀದಾ ಒತ್ತು. ಬೆಂಕಿ ಹತ್ತಿದ್ರ ನಾನೂ ಇಲ್ಲೇ ನಿಂತೇನಿ" ಎಂದೆ. ಅವನು ಒತ್ತಿದ. ನಳಿಗೆ ಒಳಗೆ ಹೋಯಿತು. ಸಾವಿರ ರೂಪಾಯಿಯದು ಹಾಕಿಸಿದೆ.

ಇಳಕಲ್ಲಿನ ಬಸ್ ನಿಲ್ದಾಣದ ಎದುರು ಅಣ್ಣ, ಅವನ ಪಕ್ಕದಲ್ಲಿ ಆ ವ್ಯಾಪಾರಿ. ಅಣ್ಣನ ಕೈಯಲ್ಲಿ ಹೊಸ ಮುಚ್ಚಳ, ಬೀಗದ ಕೈ ಸಮೇತ. ಕೊಡುವ ಗಾಡಿಯನ್ನು ಬಾಯಿ ಮುಚ್ಚಿ ಕೊಡಬೇಕಂತೆ, ಅದು ಮರ್ಯಾದೆ. ನಾನು ಇಳಿಯುವ ಮೊದಲೇ ಪೆಟ್ರೋಲಿನ ಬಾಗಿಲು ತೆರೆದು ಅದನ್ನು ತಿರುಗಿಸಲು ಶುರು ಮಾಡಿದ. ಬಲಕ್ಕೆ ತಿರುಗಿಸಿದ, ಎಡಕ್ಕೆ ತಿರುಗಿಸಿದ. ಕಚ್ಚಿಕೊಳ್ಳಲು ಅಲ್ಲಿ ತಿರುಪಿನ ಎಳೆಗಳೇ ಇರಲಿಲ್ಲ. ವ್ಯಾಪಾರಿ ಕೆಮ್ಮಿದ. "ಅದಕ್ಕ ಮುಚ್ಚಳಾ ಬರೂದಿಲ್ರಿ. ನಾ ಅಕ್ಕಾರಿಗೆ ಅವತ್ತ ಹೇಳಿದ್ನಿ."

"ಅಣ್ಣಾ, ಗಾಡಿ ನಾ ಕೊಡೂದಿಲ್ಲ" ಎಂದೆ.

ಅಣ್ಣನ ಮುಖ ಕೆಂಪಾಯಿತು. "ಅವ್ವ ಸುಳ್ಳ ಹೇಳ್ತಿದ್ದಿಲ್ಲ ನೋಡು. ನಿನ್ನ ಬಾಯಿಗೂ ಮುಚ್ಚಳಿಲ್ಲ, ನಿನ್ನ ಗಾಡಿಗೂ ಮುಚ್ಚಳಿಲ್ಲ."

ಸಣ್ಣಂದಿನಿಂದ ಕೇಳಿದ ಮಾತು. ಪ್ರತಿ ಸಲ ತಲೆ ತಗ್ಗಿಸಿದ್ದೆ. "ಖರೆ ಅದ ಅಣ್ಣಾ. ಬೇಕಾದಾಗ ತೆರೀತಾವ, ಬ್ಯಾಡಾದಾಗ ತಾವ ಮುಚ್ಕೋತಾವ. ಇನ್ನೊಬ್ಬರು ತಿರುವೂದು ಬೇಕಾಗಿಲ್ಲ."

ಶಮೀಮಳ ಸೀರೆ ಕೊಂಡು, ಚಹಾ ಕುಡಿದು, ಹೊತ್ತು ಇಳಿಯುವ ಮೊದಲೇ ಹೊರಟೆವು. ಈ ಸಲ ಸೀದಾ ದಾರಿ. ತಿರುವಿನಲ್ಲಿ ಕನ್ನಡಿ ನೋಡಿದೆ. ಅಣ್ಣ ಅಲ್ಲೇ ನಿಂತಿದ್ದ, ಕೈಯಲ್ಲಿ ಮುಚ್ಚಳ ಹಿಡಿದುಕೊಂಡು.