ಬೇವಿನ ಗಿಡಕ್ಕೆ ಬಂದ ಹೊತ್ತು

ಹೊಸ ನೂಲಿನ ಸೀರೆಯ ಮಡಿಕೆ ಬಿಚ್ಚಿದಾಗ ಏಳುವ ಗಂಜಿಯ ವಾಸನೆ ಉಳಿದವರಿಗೆ ಅಂಗಡಿಯ ವಾಸನೆ, ನನಗೆ ಮಾತ್ರ ಅದು ಇಸ್ಪೀಟು ಎಲೆಗಳ ವಾಸನೆ. ಹೋದ ವಾರ ಧಾರವಾಡದ ಪೇಟೆಯಲ್ಲಿ ಅಂಗಡಿಯವನು ಸೀರೆಯೊಂದನ್ನು ಫಡ್ ಎಂದು ಬಿಡಿಸಿ ನನ್ನ ಮುಂದೆ ಹಾಸಿದ. ಅಷ್ಟಕ್ಕೇ ನಾನು ಬೆಲೆ ಕೇಳುವುದನ್ನು ಮರೆತು ಕೂತುಬಿಟ್ಟೆ. ಪಾರಿಸಪ್ಪ ಕಾಕಾ ತಮ್ಮ ಎಲೆಗಳ ಕಟ್ಟನ್ನು ಯಾವಾಗಲೂ ರಬಕವಿ ಸೀರೆಯ ತುಂಡೊಂದರಲ್ಲಿ ಸುತ್ತಿ ತರುತ್ತಿದ್ದರು. ತುಂಡು ಹಳೆಯದಾದರೆ ಹೊಸತು ಬರುತ್ತಿತ್ತು, ಹೀಗಾಗಿ ಗಂಜಿಯ ವಾಸನೆ ಎಂದೂ ಮಾಸುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಜಮಖಂಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅವರು ಆ ಗಂಟು ಬಿಚ್ಚುವಾಗ ನಾನು ಮೂಗು ಮುಂದೆ ಚಾಚಿ ನಿಂತಿರುತ್ತಿದ್ದೆ. ಎಲೆ ಕಲಸುವ ಮೊದಲು ಅವರು ಕಟ್ಟನ್ನು ನನ್ನ ಮೂಗಿಗೆ ಒಮ್ಮೆ ಹಿಡಿದೇ ಮುಂದಿನ ಕೆಲಸಕ್ಕೆ ಹೋಗುತ್ತಿದ್ದರು.

ಅದು ಸಂಸ್ಥಾನದ ಕಾಲ. ಅಪ್ಪ ಅಲ್ಲಿಯ ಕೋರ್ಟಿನಲ್ಲಿ ವಕೀಲ. ಕಾಕಾ ನಮಗೆ ರಕ್ತಸಂಬಂಧಿಯಲ್ಲ. ತೇರದಾಳದ ಕಡೆಯ ಜೈನರು, ನಮ್ಮ ಓಣಿಯ ಬಾಯಲ್ಲೇ, ಮನೆಯಿಂದ ನೂರು ಹೆಜ್ಜೆ ದೂರದಲ್ಲಿ ಅವರ ಸೀರೆ ಅಂಗಡಿ. ಊರಲ್ಲಿ ಅಧಿಕಾರಿಗಳ ಒಂದು ಕ್ಲಬ್ಬಿತ್ತು. ಹಸಿರು ಬಟ್ಟೆ ಹೊದಿಸಿದ ಮೇಜು, ಗೋಡೆಗೆ ದೊಡ್ಡ ಗಡಿಯಾರ, ಪಡುವಣಕ್ಕೆ ಎತ್ತರದ ಕಿಟಕಿ. ಅಲ್ಲಿ ಬ್ರಿಜ್ ಕಲಿತವನು ಅಪ್ಪ. ವ್ಯಾಪಾರಿಗಳನ್ನು ಆ ಕ್ಲಬ್ಬಿಗೆ ಸೇರಿಸಿಕೊಳ್ಳುವ ರೂಢಿ ಇರಲಿಲ್ಲ. ಬ್ರಿಜ್‌ಗೆ ನಾಲ್ಕು ಜನ ಬೇಕು, ಎದುರುಬದುರು ಕೂತವರು ಒಂದು ಜೋಡಿ. ತನ್ನ ಎದುರಿಗೆ ಕೂಡಲು ಪಾರಿಸಪ್ಪನೇ ಬೇಕು ಎಂದು ಅಪ್ಪ ಜಿದ್ದು ಹಿಡಿದು, ತಾನೇ ಹೊಣೆ ಎಂದು ಹೇಳಿ ಅವರನ್ನು ಸೇರಿಸಿದ್ದ. ಅಂದಿನಿಂದ ಹದಿನಾಲ್ಕು ವರ್ಷ ಅವರಿಬ್ಬರೂ ಒಂದೇ ಜೋಡಿ. ನಾನು ಹುಟ್ಟುವ ಮೊದಲೇ ಗಟ್ಟಿಯಾದ ಸ್ನೇಹ ಅದು.

ವಾರದ ದಿನ ಕ್ಲಬ್ಬಿನಲ್ಲಿ ಆಟ, ಭಾನುವಾರ ನಮ್ಮ ಮನೆಯಲ್ಲಿ. ಇನ್ನಿಬ್ಬರು ದವಾಖಾನೆಯ ನಾರಾಯಣರಾವ ಡಾಕ್ಟರರು ಮತ್ತು ಬನಹಟ್ಟಿಯ ನೇಕಾರ ಮನೆತನದ ಮಹಾದೇವಪ್ಪ ಮಾಸ್ತರರು. ಡಾಕ್ಟರರಿಗೆ ಕೈಯಲ್ಲಿ ಏನಿಲ್ಲದಿದ್ದರೂ ದೊಡ್ಡ ಮಾತು. ಇಷ್ಟು ಸುತ್ತು ಗೆಲ್ಲುತ್ತೇವೆ ಎಂದು ಮೊದಲೇ ಕೂಗಿ ಹೇಳುವುದು ಆ ಆಟದ ನಿಯಮ. ಡಾಕ್ಟರರು ಕೂಗಿದಾಗಲೆಲ್ಲ ಅವರ ಜೋಡಿ ಮಾಸ್ತರರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. "ಡಾಕ್ಟರ, ರೋಗಿ ಸತ್ತ ಮ್ಯಾಲೂ ನೀವು ಔಷಧ ಕುಡಸಾವ್ರು," ಎಂದು ಕಾಕಾ ಚೇಷ್ಟೆ ಮಾಡಿದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಡಾಕ್ಟರರೇ. ಹಣ ಕಟ್ಟಿ ಆಡಿದ್ದನ್ನು ನಾನು ಕಾಣೆ. ಸೋತವರು ಮುಂದಿನ ಭಾನುವಾರ ಪೇಢೆ ತರಬೇಕು, ಅಷ್ಟೆ. ಮಾಸ್ತರರು ತಡವಾಗಿ ಬಂದ ದಿನ ಎರಡು ಸಲ ಅವರ ಜಾಗದಲ್ಲಿ ಕೂತು ನಾನೂ ಆಡಿದೆ. ಆಗ ನನಗೆ ಹನ್ನೊಂದು ವರ್ಷ. ಆಟೀನ ರಾಣಿಯನ್ನು ಹಿಡಿದಿಟ್ಟುಕೊಂಡು ಕೊನೆಗೆ ಅಪ್ಪನ ಗುಲಾಮನನ್ನು ಹೊಡೆದಾಗ, ಕಾಕಾ ತಮ್ಮ ಸೋಲು ಮರೆತು ನನ್ನ ಬೆನ್ನು ತಟ್ಟಿದರು. ಎಂದಾದರೊಂದು ದಿನ ಅಪ್ಪನ ಎದುರಿಗೆ, ಅವನ ಜೋಡಿಯಾಗಿ ಕೂಡಬೇಕು ಎನ್ನುವುದು ಆಗ ನನ್ನ ಒಂದೇ ಆಸೆಯಾಗಿತ್ತು.

ಆದರೆ ಆ ಪಡಸಾಲೆಯಲ್ಲಿ ನನಗೆ ನಿಜವಾಗಿ ಒಂದು ಹುದ್ದೆಯಿತ್ತು. ಹೊತ್ತು ಮುಳುಗಿದ ಮೇಲೆ ಕಾಕಾ ಒಂದು ಗುಟುಕು ನೀರನ್ನೂ ಬಾಯಿಗೆ ಹಾಕುತ್ತಿರಲಿಲ್ಲ, ಅವರ ಧರ್ಮದ ನೇಮ. ಹೀಗಾಗಿ ಭಾನುವಾರದ ಊಟ ನಮ್ಮಲ್ಲಿ ಬೆಳಕಿರುವಾಗಲೇ ಆಗುತ್ತಿತ್ತು. ಉಳ್ಳಾಗಡ್ಡಿ, ಬಟಾಟಿ ಯಾವುದೂ ಇಲ್ಲದ ಅಡುಗೆ, ಕೊಡದ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಸೋಸಿದ ನೀರು. ಕಾಕಾಗೆ ಗಡಿಯಾರದ ಮೇಲೆ ನಂಬಿಕೆ ಇರಲಿಲ್ಲ. ನೇಮ ಇರುವುದು ಸೂರ್ಯನಿಗೆ, ಮುಳ್ಳಿಗಲ್ಲ ಎನ್ನುತ್ತಿದ್ದರು. ಅವರು ಆಟದಿಂದ ಕತ್ತೆತ್ತಿ ನೋಡುವುದು ಬೇಡವೆಂದು ಆ ಕೆಲಸ ನಾನು ವಹಿಸಿಕೊಂಡಿದ್ದೆ. ಮನೆಯ ಹಿಂದಿನ ಬೇವಿನ ಗಿಡದ ನೆತ್ತಿಗೆ ಸೂರ್ಯ ತಾಗಿದೊಡನೆ ಹಿತ್ತಲಿಂದ ಓಡಿ ಬಂದು ಹೇಳಬೇಕು: "ಕಾಕಾ, ಹೊತ್ತು ಬೇವಿನ ಗಿಡಕ್ಕ ಬಂತ್ರಿ."

"ಇನ್ನ ಎರಡ ಎಲಿ ಅದಾವ ತಂಗಿ. ಒಂಚೂರು ನಿಂದ್ರು ಅಂತ ಹೇಳು ಅದಕ್ಕ," ಎಂದು ಅವರು ಅನ್ನುತ್ತಿದ್ದರು. ನಾನು ಖರೆಯೇ ಹೋಗಿ ಸೂರ್ಯನಿಗೆ ಹೇಳಿ ಬರುತ್ತಿದ್ದೆ. ಎರಡು ಎಲೆ ಮುಗಿಯುವವರೆಗೆ ಅದು ನಿಲ್ಲುತ್ತಲೂ ಇತ್ತು.

ನನಗೆ ಹನ್ನೆರಡು ತುಂಬಿದ ವರ್ಷ ಕ್ಲಬ್ಬಿನಲ್ಲಿ ಬೆಳ್ಳಿ ಬಟ್ಟಲಿನ ಪಂದ್ಯ ಏರ್ಪಾಡಾಯಿತು. ಅಪ್ಪ ಮತ್ತು ಕಾಕಾ ಕೊನೆಯ ಆಟಕ್ಕೆ ಬಂದರು. ಎದುರಾಳಿ ದೊಡ್ಡ ಅಧಿಕಾರಿಯೊಬ್ಬರು ಮತ್ತು ಅವರ ಭಾವಮೈದ. ಹೆಸರು ಬೇಡ, ಆ ಮನೆತನದ ಮಕ್ಕಳು ಮೊಮ್ಮಕ್ಕಳು ಒಳ್ಳೆಯವರಿದ್ದಾರೆ. ಅದೇ ಹೊತ್ತಿಗೆ ಮುನ್ಸೀಫರ ಜಾಗ ಖಾಲಿಯಾಗಿತ್ತು, ಅಪ್ಪನ ಅರ್ಜಿ ಹೋಗಿತ್ತು, ಆ ಕಾಗದಕ್ಕೆ ರುಜು ಹಾಕಬೇಕಾದವರು ಈ ಅಧಿಕಾರಿಯೇ. ಇದು ಮನೆಯಲ್ಲಿ ನಮಗೆಲ್ಲ ಗೊತ್ತಿತ್ತು. ಅವ್ವ ದೇವರ ಮುಂದೆ ಎರಡು ತುಪ್ಪದ ದೀಪ ಹಚ್ಚುತ್ತಿದ್ದಳು. ನಾನೂ ಬರುತ್ತೇನೆ, ಹೊರಗೆ ನಿಂತು ಕಾಕಾಗೆ ಹೊತ್ತು ಹೇಳುತ್ತೇನೆ ಎಂದು ಅಪ್ಪನ ಅಂಗಿ ಹಿಡಿದು ಕೇಳಿದೆ. "ಹೆಣ್ಣಹುಡುಗರು ಕ್ಲಬ್ಬಿಗೆ ಬರೂದಿಲ್ಲ. ಅಲ್ಲಿ ಕಿಟಕಿ ಐತಿ, ಅವರ ನೋಡ್ಕೋತಾರ," ಎಂದ ಅಪ್ಪ. ಆಟ ಮುಗಿಸಿ ಇಬ್ಬರೂ ನಮ್ಮಲ್ಲೇ ಉಣ್ಣುವುದೆಂದು ಠರಾವಾಗಿತ್ತು. ಅವ್ವ ಹೋಳಿಗೆಗೆ ಹೂರಣ ರುಬ್ಬಿದ್ದಳು.

ಸೂರ್ಯ ಬೇವಿನ ಗಿಡಕ್ಕೆ ಬಂತು, ಗಿಡದ ಹಿಂದೆ ಇಳಿಯಿತು, ಮುಳುಗಿಯೂ ಹೋಯಿತು. ಮೊದಲು ಬಂದವರು ಅಪ್ಪನೂ ಅಲ್ಲ, ಕಾಕಾನೂ ಅಲ್ಲ, ಆಟ ನೋಡಲು ಹೋಗಿದ್ದ ಡಾಕ್ಟರರು. "ವೈನಿ, ಇವತ್ತ ಭಾಳ ಕೆಟ್ಟ ಆತ್ರಿ," ಎಂದು ಹೊಸ್ತಿಲಲ್ಲೇ ಕೂತರು. ಅವ್ವ ಕೊಟ್ಟ ನೀರು ಕುಡಿದು ಅವರು ಹೇಳಿದ್ದನ್ನೆಲ್ಲ ನಾನು ಕಂಬ ಹಿಡಿದು ನಿಂತು ಕೇಳಿದೆ.

ಕೂಗುವುದು ಮುಗಿದಿತ್ತು. ಎಲ್ಲರಿಗಿಂತ ಹೆಚ್ಚು ಕೂಗಿದವರು ಕಾಕಾ, ಆಟ ಅವರದು. ಅಂಥ ಹೊತ್ತಿನಲ್ಲಿ ಅವರ ಜೋಡಿಯಾದವನು ತನ್ನ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನೆ ಕೂಡಬೇಕು. ಅವನಿಗೆ ಡಮ್ಮಿ ಎನ್ನುತ್ತಾರೆ. ಆಟದ ಬಗ್ಗೆ ಡಮ್ಮಿ ತುಟಿ ಬಿಚ್ಚುವಂತಿಲ್ಲ. ಅಪ್ಪ ಎಲೆ ಬಿಚ್ಚಿಟ್ಟಿದ್ದ. ಆಗ ಆ ಅಧಿಕಾರಿ ತಮ್ಮ ಎಲೆಗಳನ್ನು ಬೋರಲು ಹಾಕಿ, "ಶೇಟ್ರ, ಪ್ರತಿ ಸಲಾ ಕೂಗೂ ಮುಂದ ಕಿಟಕಿ ಕಡೆ ಯಾಕ ನೋಡತೀರಿ? ನಿಮ್ಮಿಬ್ಬರೊಳಗ ಏನರೆ ಸನ್ನಿ ಐತೇನು?" ಎಂದು ಕೇಳಿದರು. ಕಾಕಾ ನಕ್ಕು, ಹೊತ್ತು ನೋಡಿದೆ ಎಂದರು. "ಗೋಡಿ ಮ್ಯಾಲ ಇಷ್ಟ ದೊಡ್ಡ ಗಡಿಯಾರ ಇಟ್ಕೊಂಡು ಕಿಟಕ್ಯಾಗ ಹೊತ್ತು ನೋಡತೀರೇನು?" ಎಂದರು ಅವರು. ಸುತ್ತ ನಿಂತವರಲ್ಲಿ ಒಬ್ಬಿಬ್ಬರು ನಕ್ಕರು. ಕಾಕಾ ಅಪ್ಪನ ಕಡೆ ತಿರುಗಿ, "ವಕೀಲ್ರ, ನೀವರೆ ಹೇಳ್ರಿ," ಎಂದರು. ಹದಿನಾಲ್ಕು ವರ್ಷ ತಮ್ಮ ಎದುರಿಗೆ ಕೂತವನು, ಪ್ರತಿ ಭಾನುವಾರ ತಮ್ಮೊಡನೆ ಬೆಳಕಿರುವಾಗಲೇ ಉಂಡವನು ಒಂದು ಮಾತು ಹೇಳಿದರೆ ಸಾಕಿತ್ತು.

ಅಪ್ಪ ತನ್ನ ಎಲೆಗಳನ್ನೇ ನೋಡುತ್ತ ಹೇಳಿದನಂತೆ: "ನಾ ಡಮ್ಮಿ ಅದೇನಿ. ಡಮ್ಮಿ ಮಾತಾಡಬಾರದು."

ಕಾಕಾ ಎದ್ದರು, ಟೊಪ್ಪಿಗೆ ಹಾಕಿಕೊಂಡರು, ಕೈಯೊಳಗಿನ ಎಲೆಗಳನ್ನು ಅಪ್ಪನ ಎಲೆಗಳ ಪಕ್ಕಕ್ಕೆ ಜೋಡಿಸಿಟ್ಟು ಹೊರಗೆ ನಡೆದರು. ಅಷ್ಟರಲ್ಲಿ ಹೊತ್ತು ಮುಳುಗಿತ್ತು. ಆ ರಾತ್ರಿ ಅವರು ಉಪವಾಸವಿದ್ದರು ಎನ್ನುವುದೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ನಾನು ಅಲ್ಲಿ ನಿಂತಿದ್ದರೆ ಅವರು ಕಿಟಕಿಯ ಕಡೆ ಕತ್ತೆತ್ತುವ ಪ್ರಸಂಗವೇ ಬರುತ್ತಿರಲಿಲ್ಲ. ಅಪ್ಪನ ಮೇಲೆ ನನಗೆ ಬಂದ ಸಿಟ್ಟು ಮಕ್ಕಳ ಸಿಟ್ಟಲ್ಲ. ನಮ್ಮಪ್ಪ ಕೋರ್ಟಿನಲ್ಲಿ ಗುರುತಿಲ್ಲದವರ ಪರವಾಗಿಯೂ ಗಂಟೆಗಟ್ಟಲೆ ಮಾತಾಡುತ್ತಾನೆ ಎಂದು ಸಾಲೆಯಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದವಳು ನಾನು. ನನಗೇ ಯಾರೋ ಮೋಸ ಮಾಡಿದಂತಾಯಿತು.

ತಿಂಗಳೊಳಗೆ ಅಪ್ಪ ಮುನ್ಸೀಫನಾದ. ಪೇಢೆ ಹಂಚಿದರು. ನಾನು ನನ್ನ ಪಾಲಿನದನ್ನು ಆಕಳಿಗೆ ಹಾಕಿದೆ. ಭಾನುವಾರದ ಆಟ ನಿಂತಿತು. ಡಾಕ್ಟರರು, ಮಾಸ್ತರರು ದಾರಿಯಲ್ಲಿ ಸಿಕ್ಕರೆ ಮಾತಾಡಿಸುತ್ತಿದ್ದರು, ಮನೆಗೆ ಬರಲಿಲ್ಲ. ಅವ್ವ ಅಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ಆದರೆ ಭಾನುವಾರ ಬಂದರೆ ಅದೇ ಉಳ್ಳಾಗಡ್ಡಿ ಇಲ್ಲದ ಅಡುಗೆ, ಅದೇ ಸೋಸಿದ ನೀರು, ಹೊತ್ತು ಮುಳುಗುವ ಮೊದಲೇ ಒಂದು ತಾಟು ಹೆಚ್ಚಿಗೆ. ಯಾರಿಗೆ ಎಂದು ನಾನು ಕೇಳಿದಾಗ, "ಬಂದ್ರ ಇರ್ಲಿ," ಎಂದಳು. ಅಪ್ಪ ಆ ತಾಟನ್ನು ನೋಡುತ್ತ ಹತ್ತು ವರ್ಷ ಉಂಡ.

ನನ್ನ ಮದುವೆಗೆ ಸೀರೆ ಆರಿಸಲು ಅವ್ವ ನನ್ನನ್ನು ಕಾಕಾನ ಅಂಗಡಿಗೇ ಕಳಿಸಿದಳು. ಅವರು ಒಂದೊಂದೇ ಸೀರೆ ಬಿಚ್ಚಿ, ಮೊದಲಿನಂತೆಯೇ ನನ್ನ ಮೂಗಿನ ಹತ್ತಿರ ಹಿಡಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮನೆಗೆ ಯಾಕೆ ಬರುವುದಿಲ್ಲ ಎಂದು ಕೇಳಿಯೇಬಿಟ್ಟೆ. "ಆ ಸಾಹೇಬ ಅಂದದ್ದು ನನ್ನ ಮನಸಿಗೆ ಹತ್ತಲಿಲ್ಲ ತಂಗಿ. ಅಂವಗ ನಾ ಯಾರು? ನಿಮ್ಮಪ್ಪಗ ನಾ ಯಾರಂತ ಗೊತ್ತಿತ್ತು," ಎಂದರು. ಬಿಚ್ಚಿದ ಸೀರೆಗಳನ್ನು ಮಡಚುತ್ತ, "ಎಲಿ ಆಡತೀಯೋ, ಬಿಟ್ಟೀಯೋ? ಬಿಡಬ್ಯಾಡ," ಎಂದು ಎಲೆಗಳ ತಮ್ಮ ಕಟ್ಟನ್ನು ಅದರ ಬಟ್ಟೆಯ ಸಮೇತ ಸೀರೆಗಳ ನಡುವೆ ಇಟ್ಟುಕೊಟ್ಟರು. ಮದುವೆಗೆ ಬಂದು ಅಕ್ಷತೆ ಹಾಕಿದರು, ಊಟಕ್ಕೆ ಕೂಡಲಿಲ್ಲ.

ನಾನು ಬಿಡಲಿಲ್ಲ. ಧಾರವಾಡದ ನಮ್ಮ ಹೆಂಗಸರ ಕ್ಲಬ್ಬಿನಲ್ಲಿ ನಲವತ್ತು ವರ್ಷಗಳಿಂದ ಅದೇ ಮೂವರು ಗೆಳತಿಯರೊಡನೆ ಆಡುತ್ತಿದ್ದೇನೆ. ಗಂಡ ಹೋದಾಗ ನನ್ನನ್ನು ಹಿಡಿದು ಎಬ್ಬಿಸಿದವರು ಅವರೇ. ನಾನು ಡಮ್ಮಿಯಾದಾಗಲೂ ಬಾಯಿ ಮುಚ್ಚುವುದಿಲ್ಲ ಎಂದು ಅವರ ತಕರಾರು. ನೇಮ ನನಗೂ ಗೊತ್ತು. ಅದು ಎಲೆಗಳಿಗೆ ಮಾತ್ರ, ಎದುರಿಗೆ ಕೂತ ಮನುಷ್ಯನ ಮರ್ಯಾದೆಗಲ್ಲ.

ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ಸೇರಿದ ವರ್ಷ ಕ್ಲಬ್ಬು ಮುಚ್ಚಿತು. ಸಾಮಾನು ಅಲ್ಲಿ ಇಲ್ಲಿ ಹಂಚಿಹೋಯಿತು. ಆ ಹಸಿರು ಮೇಜನ್ನು ಅಪ್ಪ ಚಕ್ಕಡಿಯಲ್ಲಿ ಹೇರಿಸಿ ಮನೆಗೆ ತಂದ. ಚೊಚ್ಚಲ ಬಸುರಿ ನಾನು ತವರಿಗೆ ಬಂದಿದ್ದೆ. ಡಾಕ್ಟರರು ಪೆನ್ಶನ್ನಾಗಿ ಊರು ಬಿಟ್ಟಿದ್ದರು, ಮಾಸ್ತರರು ತೀರಿಕೊಂಡಿದ್ದರು. ಕಾಕಾ ಇನ್ನೂ ಅಂಗಡಿಯಲ್ಲಿ ಕೂಡುತ್ತಿದ್ದರು. ಮುಂದಿನ ಸಂಕ್ರಾಂತಿಗೆ ಅವರೂ ಇರಲಿಲ್ಲ, ಹಾಗಾಗುವುದೆಂದು ಆಗ ನಮಗೆ ತಿಳಿದಿರಲಿಲ್ಲ. ಒಂದು ಭಾನುವಾರ ಇಳಿಹೊತ್ತಿಗೆ ಅಪ್ಪ ಪಡಸಾಲೆಯಲ್ಲಿ ಒಬ್ಬನೇ ಕೂತು ನಾಲ್ಕು ಜನರಿಗೂ ಎಲೆ ಹಂಚಿ, ನನ್ನನ್ನು ಕರೆದ. "ಬಾ, ನನ್ನ ಎದುರಿಗೆ ಕೂಡು," ಎಂದ. ಬಾಲ್ಯವೆಲ್ಲ ನಾನು ಕಾದಿದ್ದ ಮಾತು. ನಾನು ಕೂಡಲಿಲ್ಲ. ಹಿತ್ತಲಿಗೆ ಹೋಗಿ ನೋಡಿದೆ, ಮರಳಿ ಬಂದು, ಖಾಲಿ ಕುರ್ಚಿಯ ಕಡೆ ಮುಖ ಮಾಡಿ ಹೇಳಿದೆ: "ಕಾಕಾ, ಹೊತ್ತು ಬೇವಿನ ಗಿಡಕ್ಕ ಬಂತ್ರಿ."

ಅಪ್ಪ ಕೈಯಲ್ಲಿದ್ದ ಎಲೆಗಳನ್ನು ಕೆಳಗಿಟ್ಟ. "ಅವತ್ತ ಕ್ಲಬ್ಬಿನ್ಯಾಗ ನಾ ಇಷ್ಟ ಹೇಳಿದ್ರ ಸಾಕಿತ್ತು," ಎಂದ.

"ನನಗ್ಯಾಕ ಹೇಳತೀಯಪಾ? ಅಂಗಡ್ಯಾಗ ಅದಾರ, ಹೋಗಿ ಅವರಿಗೆ ಹೇಳು."

ಅಪ್ಪ ಎದ್ದ. ಕೋಟು ಹಾಕಿಕೊಂಡು, ಕಾಲ್ಮರಿ ಮೆಟ್ಟಿ ಬಾಗಿಲವರೆಗೆ ಹೋದ. ಅಡುಗೆಮನೆಯಿಂದ ಅವ್ವ ಹೊರಗೆ ಬಂದು ನಿಂತಳು. ಓಣಿಯ ತುದಿಯನ್ನು ಒಮ್ಮೆ, ಇಳಿಯುತ್ತಿದ್ದ ಬಿಸಿಲನ್ನು ಒಮ್ಮೆ ನೋಡಿ ಅಪ್ಪ ಕಾಲ್ಮರಿ ಬಿಚ್ಚಿದ. "ಈಗ ಬ್ಯಾಡ. ಪಾರಿಸಪ್ಪ ಊಟಕ್ಕ ಕೂತಿರ್ತಾನ," ಎಂದ.

ಅದು ಖರೆಯಿತ್ತು. ಕಾಕಾನ ಊಟದ ಹೊತ್ತನ್ನು ಅಷ್ಟು ಸರಿಯಾಗಿ ಬಲ್ಲವನು ಇಡೀ ಜಮಖಂಡಿಯಲ್ಲಿ ನಮ್ಮಪ್ಪನನ್ನು ಬಿಟ್ಟರೆ ಇನ್ನೊಬ್ಬನಿರಲಿಲ್ಲ.